ಮೂರನೇ ಟೇಬಲ್ ಎಡಕ್ಕೆ ಎಳೆಯುತ್ತಿದ್ದದ್ದು ಯಾಕೆ

ಯಜಮಾನ್ರು ತೀರಿಕೊಂಡು ಎರಡು ತಿಂಗಳಾಗಿತ್ತು. ಪೂಲ್ ಹಾಲ್‌ಗೆ ಹಾಕಿದ ಬೀಗ ಹಾಗೇ ಇತ್ತು. ಪೂಲ್ ಅಂದರೆ ಕ್ಯೂ ಅನ್ನುವ ಕೋಲಿನಿಂದ ಬಾಲ್ ಹೊಡೆದು ಟೇಬಲ್ ಅಂಚಿನ ಗುಂಡಿಗೆ, ಅಂದರೆ ಪಾಕೆಟ್‌ಗೆ, ಬೀಳಿಸುವ ಆಟ. ಒಂದು ಸಂಜೆ ಅವರ ಮಗಳು ಫೋನ್ ಮಾಡಿದರು.

"ಅಣ್ಣ, ಹಾಲ್ ಮತ್ತೆ ಶುರು ಮಾಡ್ತಿದ್ದೀನಿ. ಮೂರನೇ ಟೇಬಲ್ ಬಟ್ಟೆ ತೀರಾ ಹಾಳಾಗಿದೆ. ನೀವೇ ಬಂದು ಹಾಕಿಕೊಡಬೇಕು."

"ಅದಕ್ಕೆ ಅಂತಲೇ ಕೆಲಸದವರು ಇದ್ದಾರಲ್ಲಮ್ಮ," ಅಂದೆ.

"ಗೊತ್ತು. ಆದ್ರೆ ಈ ಟೇಬಲ್‌ಗೆ ನಿಮ್ಮನ್ನೇ ಕರೀಬೇಕು ಅಂತ ಅಪ್ಪ ಹೇಳಿದ್ರು."

ಒಳಗೊಳಗೇ ಖುಷಿಯಾಯಿತು. ಅವರ ಕೈಕೆಳಗೆ ಎಷ್ಟೋ ಸಲ ಬಟ್ಟೆ ಹಿಡಿದು ಎಳೆದಿದ್ದೇನೆ. ನನ್ನ ಕೆಲಸದ ಮೇಲೆ ಅವರಿಗೆ ನಂಬಿಕೆ ಇತ್ತು ಅಂದುಕೊಂಡೆ. ಯಾಕೆ ಹಾಗೆ ಹೇಳಿದ್ದರು ಅನ್ನುವುದು ಎರಡನೇ ದಿನ ಮಧ್ಯಾಹ್ನ ಗೊತ್ತಾಯಿತು.

ಹಾಲ್‌ನಲ್ಲಿ ಇರುವುದು ನಾಲ್ಕು ಟೇಬಲ್. ನಾಲ್ಕೂ ಒಂಬತ್ತು ಅಡಿಯವು. ಅಂದರೆ ಸುತ್ತಲಿನ ರಬ್ಬರ್ ಅಂಚಿನ (ಕುಶನ್) ಒಳಗೆ ಆಡುವ ಜಾಗ 100 ಇಂಚು ಉದ್ದ, 50 ಇಂಚು ಅಗಲ. ಮೂರನೇ ಟೇಬಲ್‌ಗೆ ಮಾತ್ರ ಒಂದು ಚಾಳಿ. ನಿಧಾನಕ್ಕೆ ಹೊಡೆದ ಬಾಲ್ ಆ ತುದಿಗೆ, ಅಂದರೆ ಆಟದ ಶುರುವಿಗೆ ಬಾಲ್‌ಗಳ ಗುಂಪು, ಅದೇ ರ‍್ಯಾಕ್ ಜೋಡಿಸುವ ಕಡೆಗೆ ಹೋಗುತ್ತಾ ಹೋಗುತ್ತಾ ಎಡಕ್ಕೆ ವಾಲುತ್ತಿತ್ತು. ಜೋರಾಗಿ ಹೊಡೆದರೆ ಗೊತ್ತಾಗುತ್ತಿರಲಿಲ್ಲ. ಮೆಲ್ಲಗೆ ಹೊಡೆದರೆ, ನಿಲ್ಲುವ ಹೊತ್ತಿಗೆ ಸುಮಾರು ಎರಡು ಬೆರಳು ಆಚೆ. ದಿನಾ ಬರುವವರಿಗೆ ಇದು ರೂಢಿ. ಸ್ವಲ್ಪ ಬಲಕ್ಕೆ ಹಿಡಿದು ಹೊಡೆಯುತ್ತಿದ್ದರು. ಹೊಸಬರು ಬೈಯುತ್ತಿದ್ದರು. ಆಗ ಯಜಮಾನ್ರು ಕೌಂಟರ್‌ನಿಂದಲೇ, ಕೈಯಲ್ಲಿದ್ದ ಕ್ಯೂನಿಂದ ಕಣ್ಣು ತೆಗೆಯದೆ, "ಟೇಬಲ್‌ನ ಸ್ವಲ್ಪ ಮಾತಾಡ್ಸಿ ನೋಡಿ, ಅದೇ ಹೇಳುತ್ತೆ" ಅನ್ನುತ್ತಿದ್ದರು.

ನಾನು ಕೆಲಸ ಹಿಡಿದಿದ್ದೇನೆ ಅನ್ನುವ ಸುದ್ದಿ ಮೇಷ್ಟ್ರಿಗೆ ಹೇಗೋ ತಲುಪಿತು. ಇಷ್ಟು ವರ್ಷ ಅವರು ಮೂರನೇ ಟೇಬಲ್ ಬಿಟ್ಟು ಬೇರೆ ಕಡೆ ಆಡಿದ್ದು ನಾನು ನೋಡಿಲ್ಲ.

"ಬಟ್ಟೆ ಹಾಕು, ಬೇಡ ಅನ್ನಲ್ಲ," ಅಂದರು. "ಆ ಎಳೆತ ಮಾತ್ರ ಮುಟ್ಟಬೇಡ ಕಣೋ. ಅದು ಯಜಮಾನ್ರ ಸಹಿ ಇದ್ದ ಹಾಗೆ. ಅದೂ ಹೋದ್ರೆ ಅವರದು ಅಂತ ಇಲ್ಲಿ ಇನ್ನೇನಿರುತ್ತೆ?"

ನೋಡೋಣ ಮೇಷ್ಟ್ರೇ ಅಂದೆ. ನನಗೂ ಹಾಗೇ ಅನ್ನಿಸಿತ್ತು.

ಮೊದಲ ದಿನ

ಬಿಚ್ಚುವ ಮುಂಚೆ ಅಳೆಯಬೇಕು. ಇದು ಯಜಮಾನ್ರ ಕಟ್ಟಪ್ಪಣೆ. ಬಿಚ್ಚಿದ ಮೇಲೆ ತಪ್ಪು ಎಲ್ಲಿತ್ತು ಅಂತ ಯಾರನ್ನು ಕೇಳುತ್ತೀರಿ?

ದಪ್ಪ ರಟ್ಟನ್ನು ಉದ್ದಕ್ಕೆ ಮಡಿಸಿ ಒಂದು ಚಿಕ್ಕ ಜಾರುಬಂಡೆ ಮಾಡಿಕೊಂಡೆ. ಅದರ ತುದಿಯಿಂದ ಬಾಲ್ ಬಿಟ್ಟರೆ ಪ್ರತಿ ಸಲವೂ ಒಂದೇ ವೇಗ, ಒಂದೇ ದಿಕ್ಕು. ಕೈಯಿಂದ ಉರುಳಿಸಿದರೆ ನಮಗೆ ಬೇಕಾದ ಉತ್ತರವೇ ಬರುತ್ತೆ. ಬ್ರೇಕ್, ಅಂದರೆ ಆಟ ಶುರು ಮಾಡುವ ಮೊದಲ ಏಟು ಹೊಡೆಯುವ ತುದಿಯಿಂದ ಬಿಟ್ಟೆ. ಮೊದಲ ಮೂರರಲ್ಲಿ ಎರಡು ಪಾಲು ದೂರ ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. ಕೊನೆಯ ಪಾಲಿಗೆ ಬಂದ ಮೇಲೆ ಎಡಕ್ಕೆ ತಿರುಗಿತು. ಆರು ಸಲ ಬಿಟ್ಟೆ, ಆರು ಸಲವೂ ಅಷ್ಟೇ. ಆಮೇಲೆ ಟೇಬಲ್ ನಡುವಿನಿಂದ ಬ್ರೇಕ್ ತುದಿಯ ಕಡೆಗೆ ಬಿಟ್ಟೆ. ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಟೇಬಲ್‌ನ ಕಾಲು ಏರುಪೇರಾಗಿದ್ದರೆ ಇಡೀ ಟೇಬಲ್ ವಾಲಬೇಕಿತ್ತು. ಇಲ್ಲಿ ವಾಲಿದ್ದು ಮೂರನೇ ಒಂದು ಪಾಲು ಮಾತ್ರ. ಈ ಟೇಬಲ್‌ನ ಹಾಸು ಮೂರು ಕಲ್ಲಿನದು. ಬಟ್ಟೆ ಕೆಳಗೆ ಮರದ ಹಲಗೆ ಇರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮರ ಹವೆಗೆ ಡೊಂಕಾಗುತ್ತೆ ಅಂತ 19ನೇ ಶತಮಾನದಲ್ಲೇ ಸ್ಲೇಟ್ ಕಲ್ಲು ಬಂತು. ಇಲ್ಲಿರುವುದು ಒಂದು ಇಂಚು ದಪ್ಪದ ಮೂರು ಕಲ್ಲು, ಒಂದೊಂದೂ ಹತ್ತಿರ ಹತ್ತಿರ ನೂರು ಕಿಲೋ. ಅಂದರೆ ತಪ್ಪು ಕೊನೆಯ ಕಲ್ಲಿನಲ್ಲಿದೆ.

ಕುಶನ್ ಕೂಡ ನೋಡಿದೆ. ಮೂರನೇ ಟೇಬಲ್ ಮೇಲೆ ಉದ್ದಕ್ಕೆ ಎಷ್ಟು ಬಲವಾಗಿ ಹೊಡೆದರೂ ಬಾಲ್ ಮೂರು ಉದ್ದ ಓಡಲಿಲ್ಲ. ಎರಡನೇ ಟೇಬಲ್ ಮೇಲೆ ಅದೇ ಏಟಿಗೆ ನಾಲ್ಕು ದಾಟಿತು. ಹೆಬ್ಬೆರಳಿನಿಂದ ಒತ್ತಿದರೆ ರಬ್ಬರ್ ಒಣಗಿದ ಬೆಂಡಿನ ಹಾಗೆ ಗಟ್ಟಿ. ಅದನ್ನೂ ಬದಲಿಸಬೇಕು.

ಕೆಳಗೆ ಮಲಗಿ ಪಾನಾ ಹಾಕಿ ರೈಲ್ ಬೋಲ್ಟ್ ಬಿಚ್ಚಿದೆ. ರೈಲ್ ಅಂದರೆ ಕುಶನ್ ಅಂಟಿಸಿರುವ ಅಂಚಿನ ಮರ. ಒಟ್ಟು ಹದಿನೆಂಟು. ಪ್ರತಿ ರೈಲ್‌ನ ಹಿಂದೆ ಸೀಮೆಸುಣ್ಣದಲ್ಲಿ ನಂಬರ್ ಬರೆಯಲು ಹೋದರೆ, ನಂಬರ್ ಆಗಲೇ ಇತ್ತು. ಯಜಮಾನ್ರು ಉಳಿಯಲ್ಲಿ ಗೀರಿದ್ದು. ಒಂದರಿಂದ ಆರು. ಸೀಮೆಸುಣ್ಣ ಅಳಿಸಿ ಹೋಗುತ್ತೆ, ಗೀರು ಹೋಗಲ್ಲ ಅಲ್ವಾ.

ಬಟ್ಟೆ ಕೀಳುವ ಮುಂಚೆ ಒಂದೈದು ನಿಮಿಷ ಸುಮ್ನೆ ನಿಂತು ನೋಡಿದೆ. ಹಳೇ ಬಟ್ಟೆ ಓದಲು ಬರುತ್ತೆ. ರ‍್ಯಾಕ್‌ನ ತುದಿ ಬಾಲ್ ಕೂರುವ ಜಾಗದಲ್ಲಿ ಚಿಕ್ಕ ಗುಳಿ. ಬ್ರೇಕ್ ಹೊಡೆಯುವ ಕಡೆ ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಬಿಳಿ ಬಾಲ್ ಜೋರಾಗಿ ಹೊರಟಾಗ ಉಜ್ಜುವ ಬಿಸಿಗೆ ಬಟ್ಟೆ ಸುಟ್ಟ ಗುರುತು ಅವು. ಚುಕ್ಕೆಗಳೆಲ್ಲ ಎಡಕ್ಕಿಂತ ಬಲಕ್ಕೆ ಜಾಸ್ತಿ. ಮೇಷ್ಟ್ರು ಯಾವಾಗಲೂ ಬಲಗಡೆಯಿಂದಲೇ ಬ್ರೇಕ್ ಹೊಡೆಯುವುದು.

ಬಟ್ಟೆ ಎತ್ತಿದರೆ ಕೆಳಗೆ ನೀಲಿ ಪುಡಿ. ಚಾಕ್. ಕ್ಯೂನ ತುದಿಗೆ, ಅಂದರೆ ಟಿಪ್‌ಗೆ, ಹಚ್ಚುವುದು. ಹೆಸರಿಗೆ ಚಾಕ್, ಸೀಮೆಸುಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. 1897ರಲ್ಲಿ ವಿಲಿಯಂ ಸ್ಪಿಂಕ್ಸ್ ಅನ್ನುವ ಆಟಗಾರ ಮತ್ತು ವಿಲಿಯಂ ಹಾಸ್ಕಿನ್ಸ್ ಅನ್ನುವ ರಸಾಯನ ತಜ್ಞ ಸೇರಿ ಪೇಟೆಂಟ್ ಮಾಡಿಸಿದ್ದು ಸಿಲಿಕಾ, ಅಲ್ಯುಮಿನಿಯಂ ಆಕ್ಸೈಡ್ ಬೆರೆಸಿದ ಪುಡಿ. ಉಪ್ಪುಕಾಗದಕ್ಕೆ ಹಾಕುವ ಸಾಮಾನಿನ ಜಾತಿಯದೇ. ಟಿಪ್ ಬಾಲ್ ಮೇಲಿಂದ ಜಾರದಂತೆ ಹಿಡಿಯುವುದು ಅದೇ, ಬಟ್ಟೆಯ ಎಳೆಯನ್ನು ಒಳಗಿಂದ ತಿನ್ನುವುದೂ ಅದೇ. ಅದಕ್ಕೇ ಯಜಮಾನ್ರು ಟೇಬಲ್ ಮೇಲೆ ಬಗ್ಗಿ ಚಾಕ್ ಉಜ್ಜುವವರನ್ನು ಕಂಡರೆ ಉರಿದು ಬೀಳುತ್ತಿದ್ದರು. "ಟೇಬಲ್ ಬಿಟ್ಟು ಆಚೆ ನಿಂತು ಹಚ್ಚಪ್ಪಾ!" ಅವರು ಧ್ವನಿ ಎತ್ತುತ್ತಿದ್ದದ್ದು ಇದೊಂದಕ್ಕೇ. ಜಗಳಕ್ಕೆ ಎತ್ತುತ್ತಿರಲಿಲ್ಲ. ಜಗಳ ಶುರುವಾದರೆ ಆ ಟೇಬಲ್ ಮೇಲಿನ ಲೈಟ್ ಆರಿಸಿಬಿಡುತ್ತಿದ್ದರು, ಅಷ್ಟೇ. ಕತ್ತಲಲ್ಲಿ ನಿಂತು ಎಷ್ಟು ಹೊತ್ತು ಜಗಳ ಆಡುತ್ತೀರಿ? ಇಬ್ಬರೂ ಪೆಚ್ಚಾಗಿ ನಗುವವರೆಗೆ ಲೈಟ್ ಹತ್ತುತ್ತಿರಲಿಲ್ಲ.

ಇನ್ನು ಸ್ಟೇಪಲ್. ಕಲ್ಲಿನ ಅಡಿಗೆ ಅಂಟಿಸಿರುವ ಮರದ ಅಂಚಿಗೆ ಬಟ್ಟೆ ಹೊಡೆದಿರುತ್ತೆ. ಬಲಗಡೆ ಸ್ಟೇಪಲ್‌ಗಳು ಇಂಚಿಗೊಂದು, ಒಂದೇ ಸಾಲು, ಒಂದೇ ಓರೆ. ಎಡಗಡೆ ಎರಡು ಇಲ್ಲಿ ಒತ್ತಾಗಿ, ಮೂರು ಅಲ್ಲಿ ದೂರ ದೂರ. ಒಂದು ಕಡೆ ಒಂದರ ಮೇಲೊಂದು. ನನ್ನ ಕೈಬರಹ ಕಂಡ ಹಾಗಾಯಿತು. ನಾಲ್ಕು ವರ್ಷದ ಹಿಂದೆ ಈ ಬಟ್ಟೆ ಹಾಕುವಾಗ ಬಲಗಡೆ ಅವರಿದ್ದರು, ಎಡಗಡೆ ನಾನಿದ್ದೆ.

ಅವತ್ತಿನ ಕೆಲಸ ಅಲ್ಲಿಗೆ ನಿಲ್ಲಿಸಿದೆ. ಸ್ಟೇಪಲ್ ಕಿತ್ತೂ ಕಿತ್ತೂ ಬೆರಳು ಊದಿತ್ತು.

ಎರಡನೇ ದಿನ

ಕಲ್ಲುಗಳ ನಡುವಿನ ಸಂದಿಗೆ ಜೇನುಮೇಣ ತುಂಬಿರುತ್ತೆ. ಸ್ಕ್ರೂ ತಲೆಗಳ ಮೇಲೂ ಅದೇ. ಉಳಿಯ ಮೂಲೆಯಿಂದ ಕೆರೆದು ತೆಗೆದು, ಕೊನೆಯ ಕಲ್ಲಿನ ಆರು ಸ್ಕ್ರೂ ಬಿಚ್ಚಿದೆ. ಮಿಕ್ಕ ಎರಡು ಕಲ್ಲು ಸರಿಯಾಗೇ ಇದ್ದವು, ಅವನ್ನು ಮುಟ್ಟಲಿಲ್ಲ. ಸರಿ ಇರುವುದನ್ನು ಬಿಚ್ಚಿ ಮತ್ತೆ ಸರಿ ಮಾಡುವುದು ಕೆಲಸ ಅಲ್ಲ, ಕೊಬ್ಬು. ಇದೂ ಅವರ ಮಾತೇ.

ಪಕ್ಕದ ಕಲ್ಲಿಗೆ ಸಿಕ್ಕಿಸಿದ ಗೂಟಗಳಿಂದ ಕಲ್ಲನ್ನು ಹೊರಗೆ ಜಾರಿಸಿ, ನಾಲ್ಕು ಜನ ಸೇರಿ ಎತ್ತಿದೆವು. ಸ್ಲೇಟ್ ಎತ್ತುವವರಿಗೆ ಒಂದು ಮಾತು: ತಟ್ಟೆ ಹಿಡಿದ ಹಾಗೆ ಅಡ್ಡಡ್ಡ ಹಿಡಿದು ನಡೆಯಬೇಡಿ, ನಡುವೆ ಸೀಳುತ್ತೆ. ಬಾಗಿಲು ಹೊತ್ತ ಹಾಗೆ ಅಂಚಿನ ಮೇಲೆ ನಿಲ್ಲಿಸಿಕೊಂಡು ಹೊರಬೇಕು. ಇಡುವಾಗ ಕೆಳಗೆ ಮರದ ತುಂಡು. ಬೆರಳು ನೋಡಿಕೊಳ್ಳಿ.

ಕಲ್ಲು ಗೋಡೆಗೆ ಒರಗಿಸಿ ಬಂದು ಚೌಕಟ್ಟಿನ ಮೇಲೆ ಟಾರ್ಚ್ ಹಾಕಿದೆ.

ಮರದ ಚೌಕಟ್ಟು ಎಷ್ಟೇ ನೆಟ್ಟಗಿದ್ದರೂ ಕಲ್ಲಿಗೂ ಅದಕ್ಕೂ ನಡುವೆ ಅಲ್ಲಲ್ಲಿ ಸಂದು ಉಳಿಯುತ್ತೆ. ಆ ಸಂದಿಗೆ ಪ್ರತಿ ಸ್ಕ್ರೂ ಪಕ್ಕ ತೆಳುವಾದ ಬೆಣೆ ಕೊಟ್ಟು ಮಟ್ಟ ತರಬೇಕು. ಯಜಮಾನ್ರ ಬೆಣೆ ಅಂದರೆ ಇಸ್ಪೀಟ್ ಎಲೆ. ಯಾರದೋ ಪ್ಯಾಕ್‌ನಲ್ಲಿ ಒಂದು ಎಲೆ ಕಳೆದರೆ, ಉಳಿದ 51 ಇವರ ಡ್ರಾಯರ್ ಸೇರುತ್ತಿತ್ತು. ಎಲೆ ನಯವಾಗಿರುತ್ತೆ, ಒತ್ತಿದರೆ ಕುಗ್ಗಲ್ಲ, ಎಲ್ಲವೂ ಒಂದೇ ದಪ್ಪ, ಸುಮಾರು 0.3 ಮಿಲಿಮೀಟರ್. ವರ್ಲ್ಡ್ ಪೂಲ್-ಬಿಲಿಯರ್ಡ್ ಅಸೋಸಿಯೇಷನ್ ನಿಯಮದ ಪ್ರಕಾರ ಟೇಬಲ್‌ನ ಮಟ್ಟದಲ್ಲಿ ಉದ್ದಕ್ಕೆ ಅರ್ಧ ಮಿಲಿಮೀಟರ್, ಅಗಲಕ್ಕೆ ಅದರ ಅರ್ಧದಷ್ಟು ವ್ಯತ್ಯಾಸ ಇರಬಹುದು. ಅಗಲದಲ್ಲಿ ಒಂದೇ ಒಂದು ಎಲೆ ಹೆಚ್ಚು ಕಮ್ಮಿ ಆದರೂ ಟೇಬಲ್ ಕೆಟ್ಟಿತು ಅಂತ ಅರ್ಥ.

ಐದು ಕಡೆ ಎಲೆಗಳಿದ್ದವು. ಅರ್ಧಕ್ಕೆ ಕತ್ತರಿಸಿ, ಅಂಚು ಸೇರಿಸಿ, ಒಂದರ ಮೇಲೊಂದು ಜೋಡಿಸಿದ್ದು. ಇಟ್ಟು ನಾಲ್ಕು ವರ್ಷವಾದರೂ ಒಂದು ಎಲೆ ಜರುಗಿಲ್ಲ.

ಆರನೇ ಕಡೆ, ಎಡಗಡೆ ಮೂಲೆ ಪಾಕೆಟ್ ಹತ್ತಿರ, ಎಲೆ ಇರಲಿಲ್ಲ. ಮಡಿಸಿದ ಒಂದು ಕಾಗದ ಇತ್ತು.

ಕಂದು ಬಣ್ಣಕ್ಕೆ ತಿರುಗಿತ್ತು. ಕಲ್ಲಿನ ಭಾರಕ್ಕೆ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. ಮೆಲ್ಲಗೆ ಬಿಡಿಸಿದೆ. ಮೂರು ಮಡಿಕೆ, ಎಂಟು ಪದರ. ಒಳಗೆ ಪೆನ್ಸಿಲ್ ಗೀಟುಗಳು. ಐದೈದರ ಕಟ್ಟು, ಎರಡು ಸಾಲು. ಮೇಲೆ ನನ್ನ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ನನ್ನ ಗೆಳೆಯನದು. ಏಳು ಆಟ ಮೊದಲು ಗೆದ್ದವನು ಗೆದ್ದ ಹಾಗೆ. ಅವನು ಏಳು, ನಾನು ಐದು. ಬರೆದದ್ದು ನಾನೇ.

ಕೂತುಬಿಟ್ಟೆ.

ಅವತ್ತಿನ ರಾತ್ರಿ ಪೂರ್ತಿ ನೆನಪಿಗೆ ಬಂತು. ಹೊತ್ತಾಗಿತ್ತು. ಯಜಮಾನ್ರು ಬಲಗಡೆ ಮೊಣಕಾಲೂರಿ ಮಟ್ಟ ನೋಡುತ್ತಿದ್ದರು. ಎಲೆಗಳ ಡಬ್ಬಿ ಅವರ ಪಕ್ಕ ಇತ್ತು. ನನ್ನ ಕಡೆ ಎಲೆ ಮುಗಿದಿತ್ತು. ಎದ್ದು ಸುತ್ತಿ ಹೋಗಿ ತರಬೇಕು. ಸೋಮಾರಿತನ. ಜೇಬಲ್ಲಿ ಸ್ಕೋರ್ ಚೀಟಿ ಇತ್ತು. ಮಡಿಸಿದೆ, ತುರುಕಿದೆ. ಲೆವೆಲ್‌ನ ಗುಳ್ಳೆ ನಡುವೆ ಬಂದು ನಿಂತಿತು.

"ಆ ಮೂಲೆಗೆ ನಾಲ್ಕು ಎಲೆ ಹಾಕಿದ್ಯಾ?" ಅಂತ ಕೇಳಿದರು.

"ಹೂಂ, ಹಾಕಿದೀನಿ," ಅಂದಿದ್ದೆ.

ಸಡಿಲ ಮಡಿಸಿದ ಕಾಗದ ಅವತ್ತು ಸರಿಯಾದ ಎತ್ತರವನ್ನೇ ತೋರಿಸಿರಬೇಕು. ದಿನ ಕಳೆದ ಹಾಗೆ ಕಲ್ಲಿನ ಭಾರ, ತೇವ, ಎರಡೂ ಸೇರಿ ಅದನ್ನು ಕುಗ್ಗಿಸಿದವು. ಈಗ ಅಳತೆ ಕಡ್ಡಿ ಹಿಡಿದರೆ 0.7 ಮಿಲಿಮೀಟರ್. ನಾಲ್ಕು ಎಲೆ ಅಂದರೆ 1.2 ಇರಬೇಕಿತ್ತು. ಅರ್ಧ ಮಿಲಿಮೀಟರ್ ಕಮ್ಮಿ. ಮೇಷ್ಟ್ರು ಯಜಮಾನ್ರ ಸಹಿ ಅಂತ ಕಾಪಾಡಲು ಹೊರಟಿದ್ದದ್ದು ಇದನ್ನು.

ಇಷ್ಟಾದರೆ ನನ್ನ ತಪ್ಪು ಅಂತ ಮುಗಿಯುತ್ತಿತ್ತು. ಕಾಗದ ತೆಗೆದ ಮೇಲೆ ಅದರ ಪಕ್ಕದಲ್ಲಿ ಇನ್ನೂ ಎರಡು ಇಸ್ಪೀಟ್ ಎಲೆ ಕಂಡವು. ಇವು ಜೋಡಿಸಿ ಇಟ್ಟವಲ್ಲ. ಕೆಳಗಿನಿಂದ, ಚೌಕಟ್ಟಿನ ಒಳಗಡೆಯಿಂದ ತೂರಿಸಿದ್ದು. ಒಂದು ಬೆರಳು ಅಗಲ ಒಳಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದವು. ಹೊರಗಿನ ಅಂಚು ಸುತ್ತಿಗೆ ಏಟಿಗೆ ಹೂವಿನ ಹಾಗೆ ಅರಳಿ ಹರಿದಿತ್ತು.

ಅವರಿಗೆ ಗೊತ್ತಿತ್ತು. ಗೊತ್ತಿರದೆ ಹೇಗಿರುತ್ತೆ? ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಪ್ರತಿ ಟೇಬಲ್ ಮೇಲೂ ಒಂದು ಬಾಲ್ ಉರುಳಿಸುತ್ತಿದ್ದ ಮನುಷ್ಯ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅದು ನಿಲ್ಲುವ ತನಕ ನೋಡುತ್ತಿದ್ದರು. ಮೂರನೇದು ವಾಲಲು ಶುರು ಮಾಡಿದ ದಿನವೇ ಕಂಡಿರುತ್ತೆ. ಯಾವಾಗಲೋ ಯಾರೂ ಇಲ್ಲದ ಹೊತ್ತಿನಲ್ಲಿ, ಆ ಮೊಣಕಾಲು ಇಟ್ಟುಕೊಂಡು ಟೇಬಲ್ ಕೆಳಗೆ ನುಗ್ಗಿ, ಬೆನ್ನ ಮೇಲೆ ಮಲಗಿ ಎಲೆ ತೂರಿಸಿ ಬಡಿದಿದ್ದಾರೆ. ಆದರೆ ಮೇಲಿನ ಸ್ಕ್ರೂ ಬಿಗಿಯಾಗಿರುವಾಗ ಕಲ್ಲು ಏಳಲ್ಲ. ಸ್ಕ್ರೂ ಸಡಿಲಿಸಬೇಕಾದರೆ ಬಟ್ಟೆ ಎತ್ತಬೇಕು. ಬಟ್ಟೆ ಎತ್ತಬೇಕಾದರೆ ನನ್ನನ್ನು ಕರೆಯಬೇಕು. ಕರೆದರೆ ಆ ಮೂಲೆಯಲ್ಲಿ ಏನಿದೆ ಅನ್ನುವುದು ಇಬ್ಬರ ಎದುರೇ ಹೊರಗೆ ಬರುತ್ತೆ. ನಾನು ಅವರ ಮುಖ ನೋಡಿ ಹೂಂ ಅಂದದ್ದೂ.

ಕರೆಯಲಿಲ್ಲ. ಟೇಬಲ್‌ನ ಮಾತಾಡ್ಸಿ ನೋಡಿ ಅಂತ ಹೊಸಬರಿಗೆ ಹೇಳಿಕೊಂಡು ನಾಲ್ಕು ವರ್ಷ ತಳ್ಳಿದರು. ನಾನೂ ಆ ಮಾತಿಗೆ ಎಷ್ಟು ಸಲ ನಕ್ಕಿದ್ದೇನೋ.

ಸಂಜೆ ಅವರ ಮಗಳು ಬಂದಾಗ ಚೀಟಿ ತೋರಿಸಿ ಎಲ್ಲ ಹೇಳಿದೆ. ಆಕೆ ಚೀಟಿ ತಿರುಗಿಸಿ ತಿರುಗಿಸಿ ನೋಡಿದರು.

"ಓ, ಇದಾ," ಅಂದರು. "ಮೂರನೇದರ ಬಟ್ಟೆ ಹಾಕೋವಾಗ ಅವನನ್ನೇ ಕರಿ, ಅವನದು ಅಲ್ಲಿ ನಾಲ್ಕು ಎಲೆ ಬಾಕಿ ಇದೆ ಅಂತ ಅಪ್ಪ ಹೇಳಿದ್ರು. ಇಸ್ಪೀಟ್ ಆಡಿ ಸೋತಿದ್ದೀರೇನೋ ಅಂದ್ಕೊಂಡಿದ್ದೆ."

ನಾಲ್ಕನೇ ದಿನ

ನಡುವೆ ಒಂದು ದಿನ ಹೋಗಲಿಲ್ಲ. ಕಾರಣ ಹೇಳುವಂಥದ್ದೇನೂ ಇಲ್ಲ.

ಡ್ರಾಯರ್‌ನಲ್ಲಿ ಎಲೆಗಳ ಡಬ್ಬಿ ಇನ್ನೂ ಇತ್ತು. ಈ ಕೆಲಸ ಮಾಡುವವರು ತೆಳು ಮರದ ಹಾಳೆ, ಹಿತ್ತಾಳೆ ತಗಡು ಇವನ್ನೆಲ್ಲ ಬಳಸುತ್ತಾರೆ. ಅವೂ ಒಳ್ಳೆಯವೇ. ನಾನು ಎಲೆಯನ್ನೇ ಹಾಕಿದೆ. ಕಲ್ಲು ವಾಪಸ್ ಕೂರಿಸಿ, ಆ ಮೂಲೆಗೆ ನಾಲ್ಕು ಎಲೆ ಇಟ್ಟು, ಸ್ಕ್ರೂ ಬಿಗಿಯುವ ಮುಂಚೆ ಲೆವೆಲ್ ಇಟ್ಟೆ.

ಲೆವೆಲ್ ಅಂದರೆ ಗಾರೆ ಕೆಲಸದ ರಸಮಟ್ಟ ಅಲ್ಲ. ಅದರಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಮೆಷಿನ್ ಕೂರಿಸುವವರು ಬಳಸುವ ಲೆವೆಲ್ ಬೇಕು. ಅದರಲ್ಲಿ ಗುಳ್ಳೆ ಒಂದು ಗೀಟು ಜರುಗಿದರೆ ಒಂದು ಅಡಿಗೆ ಒಂದು ಇಂಚಿನ ಸಾವಿರದಲ್ಲಿ ಐದು ಪಾಲು ಏರುಪೇರು. ಮೀಟರ್ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್‌ಗಿಂತ ಕಮ್ಮಿ. ಕಲ್ಲಿನ ಮೇಲೆ ಅದನ್ನಿಟ್ಟು ಹತ್ತಿರ ಬಗ್ಗಿದರೆ ಸಾಕು, ಉಸಿರಿನ ಬಿಸಿಗೇ ಗುಳ್ಳೆ ಅಲ್ಲಾಡುತ್ತೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ಸಂದಿನ ಮೇಲೆ ಎರಡು ಕಲ್ಲಿಗೂ ಸೇರಿಸಿ. ಪ್ರತಿ ಸ್ಕ್ರೂ ಕಾಲು ಸುತ್ತು ಬಿಗಿದು ಮತ್ತೆ ನೋಡುವುದು. ಬಿಗಿದಾಗ ಮಟ್ಟ ಬದಲಾಗುತ್ತೆ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಮುನಿಸಿಕೊಳ್ಳುತ್ತೆ. ಮೂರೂವರೆ ಗಂಟೆ ಹಿಡಿಯಿತು.

ಕಡೆಗೆ ಆ ಮೂಲೆ ಎಷ್ಟು ತೆಗೆದುಕೊಂಡಿತು ಗೊತ್ತಾ? ಸರಿಯಾಗಿ ನಾಲ್ಕು ಎಲೆ. ಐದನೇದನ್ನು ಇಟ್ಟು ನೋಡಿದೆ, ಗುಳ್ಳೆ ಒಪ್ಪಲಿಲ್ಲ.

ಸಂದಿಗೆ ಉಗುರು ಎಳೆದು ನೋಡಿದೆ. ಉಗುರು ಎಲ್ಲೂ ತಡೆಯಬಾರದು. ಆಮೇಲೆ ಮೇಣ. ಜೇನುಮೇಣ ಕರಗುವುದು ಸುಮಾರು 63 ಡಿಗ್ರಿಗೆ. ತಣ್ಣಗಿನ ಕಲ್ಲಿನ ಮೇಲೆ ಹಾಗೇ ಸುರಿದರೆ ಮೇಲೆ ಮೇಲೆ ಕೂತು ನಾಲ್ಕು ದಿನಕ್ಕೆ ಸಿಪ್ಪೆಯ ಹಾಗೆ ಏಳುತ್ತೆ. ಮೊದಲು ಕಲ್ಲಿಗೆ ದೂರದಿಂದ ಬಿಸಿ ತೋರಿಸಿ, ಕೈಗೆ ಬೆಚ್ಚಗೆ ಅನ್ನಿಸಿದ ಮೇಲೆ ತೊಟ್ಟಿಕ್ಕಿಸಬೇಕು. ಆರಿದ ಮೇಲೆ ಚಪ್ಪಟೆ ಅಲಗಿನಿಂದ ಕಲ್ಲಿನ ಮಟ್ಟಕ್ಕೆ ಕೆರೆಯುವುದು. ಜಾಸ್ತಿ ಒತ್ತಿದರೆ ಸಂದಿನೊಳಗಿಂದ ಮೇಣವೇ ಎದ್ದು ಬರುತ್ತೆ. ನನ್ನದು ಒಂದು ಕಡೆ ಬಂತು. ಮತ್ತೆ ಹಾಕಿದೆ.

ಐದು, ಆರನೇ ದಿನ: ರಬ್ಬರ್

ಹಳೇ ರಬ್ಬರ್ ಉಳಿಯಲ್ಲಿ ಎಬ್ಬಿಸಿ, ಅಂಟಿನ ಪದರವನ್ನು ಉಪ್ಪುಕಾಗದದಲ್ಲಿ ಉಜ್ಜಿ ಮರ ಕಾಣುವವರೆಗೆ ತೆಗೆದೆ. ಹೊಸದು ಕೆ-66 ಅನ್ನುವ ಆಕಾರದ್ದು. ಅಡ್ಡ ಕತ್ತರಿಸಿ ನೋಡಿದರೆ ತ್ರಿಕೋನ. ಬೇರೆ ಆಕಾರದವೂ ಇವೆ. ರೈಲ್ ಯಾವುದಕ್ಕೆ ಕೊರೆದಿದೆಯೋ ಅದನ್ನೇ ಹಾಕಬೇಕು. ಇಲ್ಲವಾದರೆ ಮೂಗಿನ ಎತ್ತರ ತಪ್ಪುತ್ತೆ. ಮೂಗು ಅಂದರೆ ಬಾಲ್‌ಗೆ ತಗಲುವ ಅಂಚು. ಅದು ಬಾಲ್‌ನ ಎತ್ತರದ 63.5 ಪರ್ಸೆಂಟ್ ಹತ್ತಿರ ಇರಬೇಕು. ಪೂಲ್ ಬಾಲ್ ಎರಡೂ ಕಾಲು ಇಂಚು, ಅಂದರೆ 57 ಮಿಲಿಮೀಟರ್. ಹಾಗಾಗಿ ಮೂಗು 36 ಮಿಲಿಮೀಟರ್ ಎತ್ತರಕ್ಕೆ. ಕೆಳಗಿದ್ದರೆ ಬಾಲ್ ಹಾರುತ್ತೆ, ಮೇಲಿದ್ದರೆ ಬಾಲನ್ನು ಕಲ್ಲಿನ ಹಾಸಿನ ಮೇಲೆ ಒತ್ತಿ ವೇಗ ತಿನ್ನುತ್ತೆ.

ಎರಡೂ ಕಡೆ ಅಂಟು ಹಚ್ಚಿ, ಮುಟ್ಟಿದರೆ ಕೈಗೆ ಹತ್ತದಷ್ಟು ಆರಿದ ಮೇಲೆ ಕೂರಿಸಬೇಕು. ಒಂದು ಸಲ ಕೂತರೆ ಕೂತಿತು, ಜರುಗಿಸಲು ಆಗಲ್ಲ. ಮೂರನೇ ರೈಲ್‌ನಲ್ಲಿ ಎಡವಿದೆ. ಉದ್ದ ಸಾಲದೇನೋ ಅನ್ನುವ ಭಯಕ್ಕೆ ರಬ್ಬರನ್ನು ಸ್ವಲ್ಪ ಎಳೆದು ಅಂಟಿಸಿದೆ. ಎಳೆದ ರಬ್ಬರ್ ಬಿಗಿಯಾಗಿರುತ್ತೆ, ಒಂದೊಂದು ಕಡೆ ಒಂದೊಂದು ಥರ ಪುಟಿಯುತ್ತೆ. ಆಮೇಲೆ ಕುಗ್ಗಿ ತುದಿಯಲ್ಲಿ ಬಿಡುತ್ತೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೆಲವು ತಿಂಗಳಾದರೂ. ಕಿತ್ತು ಹಾಕಿ ಹೊಸ ತುಂಡು ಅಂಟಿಸಿದೆ. ಅರ್ಧ ದಿನ ಹೋಯಿತು.

ಪಾಕೆಟ್ ಬಾಯಿಗೆ ರಬ್ಬರ್ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಮೂಲೆ ಪಾಕೆಟ್‌ಗೆ 142 ಡಿಗ್ರಿ, ನಡು ಪಾಕೆಟ್‌ಗೆ 104. ಹಳೇ ರೈಲ್‌ನ ಮರ ಆಗಲೇ ಆ ಕೋನದಲ್ಲಿ ಇರುತ್ತೆ, ಅದರ ಜೊತೆ ಗರಗಸ ಜರುಗಿಸಿಕೊಂಡು ಹೋದರೆ ಆಯಿತು. ಗರಗಸಕ್ಕೆ ನೀರು ಹಚ್ಚಿಕೊಂಡರೆ ರಬ್ಬರ್ ಹಿಡಿಯಲ್ಲ.

ಬಟ್ಟೆ

ಬಟ್ಟೆ ತರುವ ಅಗತ್ಯ ಬೀಳಲಿಲ್ಲ. ಸಾಮಾನು ಕೋಣೆಯಲ್ಲಿ ಸುರುಳಿ ಸುತ್ತಿ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದರು. ಸಿಮೋನಿಸ್ 860, ಹಸಿರು. ಬೆಲ್ಜಿಯಂನ ಈ ಕಂಪನಿ 1680ರಿಂದ ಬಟ್ಟೆ ನೇಯುತ್ತಿದೆ. ಉಣ್ಣೆಯ ಎಳೆಗಳನ್ನು ಬಾಚಿ, ಗಿಡ್ಡ ಎಳೆ ತೆಗೆದು ಹೊಸೆದು ನೇಯ್ದದ್ದು. ಅದಕ್ಕೆ ಜುಂಗು ಏಳಲ್ಲ, ಬಾಲ್ ವೇಗವಾಗಿ ಓಡುತ್ತೆ. ಜುಂಗು ಇರುವ ಬಟ್ಟೆಯಾದರೆ ಜುಂಗಿನ ದಿಕ್ಕು ನೋಡಿ ಹಾಕಬೇಕು, ಇದಕ್ಕೆ ಆ ತಲೆನೋವಿಲ್ಲ. ಎರಡು ವರ್ಷದ ಹಿಂದೆಯೇ ತಂದಿಟ್ಟಿದ್ದರಂತೆ. ಎಳೆಯಲು ಕೈಯಲ್ಲಿ ಶಕ್ತಿ ಇರಲಿಲ್ಲ.

ಗೆಳೆಯನನ್ನು ಕರೆದೆ. ಚೀಟಿಯಲ್ಲಿ ಏಳು ಗೆದ್ದವನೇ. ಈ ಸಲ ಬಲಗಡೆ ನಾನು, ಎಡಗಡೆ ಅವನು. ಮೊದಲು ಬ್ರೇಕ್ ತುದಿಗೆ ಹೊಡೆದು, ಆಚೆ ತುದಿಗೆ ಎಳೆದು, ಆಮೇಲೆ ಪಕ್ಕಗಳು. ನಡುವಿನಿಂದ ಮೂಲೆಗೆ ಹೋಗಬೇಕು. ಬಲ ಎಲ್ಲ ಕಡೆ ಒಂದೇ ಇರಬೇಕು. ಯಜಮಾನ್ರು ಇದನ್ನು ಬಾಯಲ್ಲಿ ಹೇಳಿಕೊಟ್ಟವರಲ್ಲ. ಅವರ ಕಡೆಯಿಂದ ಎಳೆದಾಗ ನನ್ನ ಕೈಗೆ ಬಟ್ಟೆಯಲ್ಲಿ ಬಂದು ಮುಟ್ಟುತ್ತಿತ್ತು, ಅಷ್ಟು ನಾನೂ ಎಳೆಯಬೇಕು. ಜಾಸ್ತಿ ಎಳೆದರೆ ಆ ಕಡೆಯಿಂದ ಒಂದು ಸಣ್ಣ ಜಗ್ಗು ಬರುತ್ತಿತ್ತು, ಲಗಾಮು ಹಿಡಿದ ಹಾಗೆ. ಗೆಳೆಯ ಜಾಸ್ತಿ ಎಳೆದಾಗ ನಾನೂ ಹಾಗೇ ಜಗ್ಗಿದೆ. "ಏನೋ?" ಅಂದ. ಏನಿಲ್ಲ ಅಂದೆ.

ಕೈ ಆಡಿಸಿದರೆ ಎಲ್ಲೂ ಸುಕ್ಕಿಲ್ಲ. ಬೆರಳಲ್ಲಿ ಚಿವುಟಿ ಎತ್ತಿದರೆ ಏಳಲ್ಲ. ರೈಲ್‌ಗಳ ಬಟ್ಟೆಗೆ ತೆಳು ಮರದ ಪಟ್ಟಿ ಸಿಕ್ಕಿಸಿ, ಮರದ ತುಂಡಿಟ್ಟು ತಟ್ಟಿ ಕೂರಿಸಿದೆ. ನಡು ಪಾಕೆಟ್ ಹತ್ತಿರ ಬಟ್ಟೆ ಮಡಿಸುವುದು ಕಷ್ಟದ ಕೆಲಸ, ಒಂದು ಕಡೆ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ನೋಡಿದರೆ ಗೊತ್ತಾಗುತ್ತೆ. ಬೋಲ್ಟ್ ಹದಿನೆಂಟೂ ಬಿಗಿದಾಗ ರಾತ್ರಿ ಹತ್ತು ದಾಟಿತ್ತು.

ರಟ್ಟಿನ ಜಾರುಬಂಡೆ ತಂದು ಬಾಲ್ ಬಿಟ್ಟೆ. ಆ ತುದಿಗೆ ಹೋಗಿ, ಕುಶನ್ ತಗಲಿ, ಅದೇ ಗೆರೆಯಲ್ಲಿ ವಾಪಸ್ ಬಂದು ಜಾರುಬಂಡೆಯ ಬಾಯಿಗೆ ಬಡಿಯಿತು.

ಬಾಗಿಲು ತೆಗೆದ ದಿನ

ಬೆಳಿಗ್ಗೆ ಹೋದಾಗ ಮಗಳು ಒಂದೊಂದು ಟೇಬಲ್ ಮೇಲೂ ಬಾಲ್ ಉರುಳಿಸುತ್ತಿದ್ದರು. ಕೈ ಬೆನ್ನ ಹಿಂದೆ ಇರಲಿಲ್ಲ, ಒಂದು ಕೈಯಲ್ಲಿ ಬೀಗದ ಕೈ ಗೊಂಚಲು ಇತ್ತು. ಮೂರನೇದರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಂತರು.

ಸಂಜೆ ಮೇಷ್ಟ್ರು ಬಂದರು. ಚೀಟಿಯ ಕಥೆ ಅವರಿಗೆ ಹೇಳಿರಲಿಲ್ಲ. ಹೇಳಬೇಕು ಅಂದುಕೊಂಡೇ ಕ್ಯೂ ಜೋಡಿಸಿದೆ. ಆಟ ಚೆನ್ನಾಗಿ ಹೋಯಿತು. ಕುಶನ್ ಜೀವ ಬಂದದ್ದಕ್ಕೆ ಖುಷಿಪಟ್ಟರು. ಕೊನೆಗೆ ಎಂಟನೇ ಬಾಲ್ ಉಳಿಯಿತು. ಆ ತುದಿಯ ಎಡ ಮೂಲೆಗೆ, ಕುಶನ್ ಪಕ್ಕದಲ್ಲೇ, ಮೆಲ್ಲಗೆ ತಳ್ಳಿದರೆ ಬೀಳುವಂಥದ್ದು. ಮೇಷ್ಟ್ರು ಟೇಬಲ್ ಬಿಟ್ಟು ಆಚೆ ನಿಂತು ಚಾಕ್ ಹಚ್ಚಿದರು. ಬಗ್ಗಿದರು. ಎಂದಿನ ಹಾಗೆ ಎರಡು ಬೆರಳು ಬಲಕ್ಕೆ ಹಿಡಿದು ಹೊಡೆದರು.

ಬಾಲ್ ಅವರು ಕಳಿಸಿದಲ್ಲಿಗೇ ಹೋಯಿತು. ಪಾಕೆಟ್‌ನಿಂದ ಎರಡು ಬೆರಳು ಬಲಕ್ಕೆ ಕುಶನ್‌ಗೆ ಬಡಿದು ನಿಂತಿತು.

ಮೇಷ್ಟ್ರು ಬಗ್ಗಿದಲ್ಲಿಂದಲೇ ಕತ್ತು ತಿರುಗಿಸಿ ನನ್ನನ್ನು ನೋಡಿದರು.

"ಮುಟ್ಟಬೇಡ ಅಂದಿದ್ನಲ್ಲೋ!"

ಆಗ ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ ಓದಿದರು. ಎಲ್ಲ ಕೇಳಿಸಿಕೊಂಡರು. ಚೀಟಿ ಮಡಿಸಿ ವಾಪಸ್ ಕೊಡುತ್ತಾ, "ಐದಕ್ಕೆ ಏಳಾ? ಅವನ ಕೈಲಿ ಸೋತಿದ್ಯಾ?" ಅಂದರು. ಮತ್ತೆ ರ‍್ಯಾಕ್ ಜೋಡಿಸಿದರು.

ಅವತ್ತು ಅದೇ ಪಾಕೆಟ್‌ಗೆ ಅವರು ಇನ್ನೂ ಮೂರು ಸಲ ತಪ್ಪಿದರು. ನಾನು ಎರಡು ಸಲ.